ಎರಡು ಕಚ್ಚಿನ ಎಡಗಿವಿ

ಕುರಿಯ ಒಡೆಯ ಯಾರು ಎಂದು ಬೀಳಗಿ ಸೀಮೆಯಲ್ಲಿ ಯಾರೂ ಬಾಯಿಂದ ಕೇಳುವುದಿಲ್ಲ, ಕಿವಿ ಹಿಡಿದು ನೋಡುತ್ತಾರೆ. ಮರಿ ಹುಟ್ಟಿ ಹದಿನೈದು ದಿನಕ್ಕೆ ಕಿವಿಯಂಚಿಗೆ ಚಾಕುವಿನಿಂದ ಒಡೆಯನ ಗುರುತು ಕೊಯ್ಯುತ್ತಾರೆ. ಅದಕ್ಕೆ ಕಚ್ಚು ಅನ್ನುತ್ತಾರೆ. ಒಬ್ಬನದು ಬಲಗಿವಿಗೆ ಒಂದು ಸೀಳು, ಇನ್ನೊಬ್ಬನದು ಎಡಗಿವಿಗೆ ಎರಡು ಕಚ್ಚು. ಹತ್ತು ಮನೆಯ ಕುರಿ ಒಂದೇ ಹಿಂಡಿನಲ್ಲಿ ಕೂಡಿದರೂ ಜಗಳವಿಲ್ಲ. ಇದರ ಬೆನ್ನಿಗೇ ಇನ್ನೊಂದು ಕಟ್ಟಳೆ. ಮೇಯಿಸಲು ಒಪ್ಪಿಸಿದ ಕುರಿ ಪರಊರಲ್ಲಿ ಸತ್ತರೆ ಕುರುಬ ಅದರ ಗುರುತಿನ ಕಿವಿ ಕೊಯ್ದು, ಬೂದಿ ಹಚ್ಚಿ ಒಣಗಿಸಿ, ತಿರುಗಿ ಬಂದಾಗ ಒಡೆಯನ ಮುಂದೆ ಇಡಬೇಕು. ಕಿವಿ ಬಂದರೆ ಕುರಿ ಸತ್ತದ್ದು ಖರೆ. ಕಿವಿ ಬರಲಿಲ್ಲವೆಂದರೆ ಕುರುಬ ಮಾರಿಕೊಂಡ ಎಂದೇ ಅರ್ಥ.

ಕಾಮಣ್ಣ ಅಂಥ ಕುರುಬ. ಅವನ ಹಿಂಡಿನಲ್ಲಿ ನೂರರ ಮೇಲೆ ಕುರಿಗಳಿದ್ದವು. ಅರ್ಧ ಸ್ವಂತದ್ದು, ಉಳಿದವು ಊರವರು ಒಪ್ಪಿಸಿದವು. ದೀಪಾವಳಿ ಮುಗಿಯುತ್ತಲೇ ಹಿಂಡು ಹೊಡೆದುಕೊಂಡು ಹೊರಟರೆ ಮುಧೋಳ, ಜಮಖಂಡಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತ ಹೋಗಿ, ಬೇಸಿಗೆಗೆ ಕೃಷ್ಣೆ ದಾಟಿ ಆಚೆಯ ಸೀಮೆ ಅಲೆದು, ಮುಂಗಾರಿನ ಮೊದಲ ಮಳೆ ಮಿರಗದ ಹೊತ್ತಿಗೆ ಅನಗವಾಡಿಯ ಹತ್ತಿರ ಹೊಳೆ ದಾಟಿ ಊರು ಸೇರುತ್ತಿದ್ದ. ಎಂಟು ತಿಂಗಳು ಅವನಿಗೆ ಜೊತೆಯೆಂದರೆ ಒಂದು ನಾಯಿ, ಹೆಗಲ ಕಂಬಳಿ, ಸೊಂಟದಲ್ಲಿ ಬೀರಪ್ಪದೇವರ ಅರಿಸಿನ ಭಂಡಾರದ ಚೀಲ. ಮಾತಾಡಬೇಕೆನಿಸಿದರೆ ಕುರಿಗಳ ಜೊತೆ ಮಾತಾಡುತ್ತಿದ್ದ. ‘ಏನ ಹೇಳಿದ್ರೂ ಕೇಳತಾವು, ಒಂದಕ್ಕೂ ಹೂಂ ಅನ್ನಂಗಿಲ್ಲ’ ಎಂದು ಬೇಸರದಿಂದ ಅವನ್ನೇ ಬೈಯುತ್ತಿದ್ದ.

ಹಿಂಡಿನಲ್ಲಿ ನಲವತ್ತು ಕುರಿ ಬಸಗೊಂಡಪ್ಪನವು. ಎಡಗಿವಿಗೆ ಎರಡು ಕಚ್ಚು, ಅದು ಅವನ ಗುರುತು. ಬಸಗೊಂಡಪ್ಪ ಕೊರಳಲ್ಲಿ ಲಿಂಗ ಕಟ್ಟಿದ ಒಕ್ಕಲಿಗ, ನಾಲ್ಕು ಕೂರಿಗೆ ಹೊಲದವ. ಕಾಮಣ್ಣ ಬೀರಪ್ಪನ ಒಕ್ಕಲು, ಊರ ಹೊರಗಿನ ಗುಡಿಸಲಿನವ. ಆದರೆ ಇಬ್ಬರೂ ಒಂದೇ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಹೆಸರಿಗಿಂತ ‘ಲೇ’ ಎಂಬ ಕರೆಯೇ ಅವರ ನಡುವೆ ಹೆಚ್ಚು ಓಡಾಡುತ್ತಿತ್ತು. ಒಮ್ಮೆ ಊರ ಲೆಕ್ಕದ ತಲಾಟಿ ಬಸಗೊಂಡಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ, ದೊಡ್ಡವರ ಎದುರು ‘ಲೇ’ ಅನ್ನುವುದು ಚೆನ್ನಾಗಿರುವುದಿಲ್ಲವೆಂದು ಕಾಮಣ್ಣ ಗೆಳೆಯನಿಗೆ, ‘ಹೂಂರಿ, ಬರತೇನ್ರಿ’ ಎಂದುಬಿಟ್ಟ. ತಲಾಟಿ ಅತ್ತ ಹೋದನೋ ಇಲ್ಲವೋ, ಬಸಗೊಂಡಪ್ಪ ಕಾಲಿನ ಮೆಟ್ಟು ತೆಗೆದೇಬಿಟ್ಟ.

‘ನನಗ ರೀ ಅಂತಿಯೇನಲೇ? ನಾ ನಿನಗ ಹೆಣ್ಣ ಕೊಟ್ಟ ಮಾವ ಏನ? ಇನ್ನೊಮ್ಮೆ ಅಂದ್ರ ಹಲ್ಲ ಉದುರತಾವ ನೋಡು!’

ಪ್ರತಿವರ್ಷ ಊರಿಗೆ ಬಂದೊಡನೆ ಕಾಮಣ್ಣ ಕಟ್ಟಳೆಯಂತೆ ಬಸಗೊಂಡಪ್ಪನ ಅಂಗಳದಲ್ಲಿ ಕಂಬಳಿ ಹಾಸಿ, ಸತ್ತ ಕುರಿಗಳ ಕಿವಿ ಸುರಿಯುತ್ತಿದ್ದ. ಒಂದು ವರ್ಷ ಮೂರು, ಒಂದು ವರ್ಷ ಐದು. ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ಬಸಗೊಂಡಪ್ಪ ಬಗ್ಗಿ ನೋಡಿದವನಲ್ಲ.

‘ಕಿವಿ ತಗೊಂಡು ಏನ ಹಪ್ಪಳ ಸುಡ್ಲೇನಲೇ? ಒಗಿ ಅತ್ತಾಗ ತಿಪ್ಪಿಗೆ! ಮೊದಲ ಉಣ್ಣು ಬಾ, ಎಲಬ ಎಣಸೂವಂಗ ಆಗಿ ಬಂದಿ.’

ಊರ ಉಳಿದವರೆಲ್ಲ ಕಿವಿ ಎಣಿಸಿ, ತಿರುಗಿಸಿ, ಮೂಸಿ ನೋಡುವವರೇ. ಇವನೊಬ್ಬ ನೋಡುತ್ತಿರಲಿಲ್ಲ. ಅದಕ್ಕಾಗಿಯೇ ಕಾಮಣ್ಣ ಅವನ ಕುರಿಗಳನ್ನು ಸ್ವಂತದ್ದಕ್ಕಿಂತ ಜತನ ಮಾಡುತ್ತಿದ್ದ. ಮುಳ್ಳು ತುಳಿದದ್ದು ಅವನದಾದರೆ ಮೊದಲು ಅದರ ಕಾಲು ಹಿಡಿಯುತ್ತಿದ್ದ.

ಜಮಖಂಡಿ, ಮುಧೋಳದ ರಾಜರ ಆಳಿಕೆ ಹೋಗಿ ಮುಂಬಯಿ ಸರಕಾರ ಬಂದ ವರ್ಷ ಕಾಮಣ್ಣನ ಹೆಂಡತಿ ಸೋಮವ್ವ ಜ್ವರ ಬಂದು ತೀರಿಕೊಂಡಳು. ಅವನು ಹೊಳೆಯಾಚೆ ಇದ್ದ. ಸುದ್ದಿ ಹುಡುಕಿಕೊಂಡು ಬಂದು ಅವನನ್ನು ಮುಟ್ಟಿ, ಅವನು ಊರು ಮುಟ್ಟುವಷ್ಟರಲ್ಲಿ ಹನ್ನೊಂದು ದಿನ. ಗುಡಿಸಲಿನ ಬಾಗಿಲು ತೆರೆದರೆ ಸೋಮವ್ವ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಬಸಗೊಂಡಪ್ಪ ಕೂತಿದ್ದ. ಮಣ್ಣು ಮಾಡಿಸಿದವನೂ ಅವನೇ. ಅಂದಿನಿಂದ ತನ್ನ ಮನೆ ಬಿಟ್ಟು ಅಲ್ಲೇ ಮಲಗುತ್ತಿದ್ದನಂತೆ.

‘ನೀ ಬರೂತನಕ ದೀಪ ಆರಬಾರದಲ್ಲಲೇ,’ ಎಂದ.

ಕಾಮಣ್ಣನಿಗೆ ಮಕ್ಕಳಿರಲಿಲ್ಲ. ಆಮೇಲೆ ಊರು ಎಂದರೆ ಅವನಿಗೆ ಆ ಕಟ್ಟೆ, ಆ ಮನುಷ್ಯ, ಅಷ್ಟೇ. ಎಂಟು ತಿಂಗಳು ಬಾಯಿ ಮುಚ್ಚಿಕೊಂಡು ಕೂಡಿಟ್ಟ ಮಾತೆಲ್ಲ ಅಲ್ಲಿ ಕೂತು ಇಳಿಸುತ್ತಿದ್ದ.

ಈಗ ಒಂದು ನಗೆಯ ಮಾತು ಹೇಳಬೇಕು. ಆ ಸೀಮೆಯಲ್ಲಿ ‘ಹೊಳಿ ಒಯ್ತು’ ಎಂದರೆ ಸುಳ್ಳು ಎಂದೇ ಅರ್ಥ. ಕುರಿ ಮಾರಿಕೊಂಡ ಕುರುಬ, ಕಿವಿ ತೋರಿಸಲಾಗದೆ, ‘ಏನ ಮಾಡ್ಲಿ, ಹೊಳಿ ಒಯ್ತು’ ಎನ್ನುವುದು ಹಳೆಯ ಚಾಳಿ. ಒಂದು ವರ್ಷ ನೆರೆಯೂರಿನವನೊಬ್ಬ ಹಾಗೆಂದ ಸುದ್ದಿ ಕಟ್ಟೆಗೆ ಬಂದಾಗ ಬಸಗೊಂಡಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದ.

‘ಹೊಳಿ ಒಯ್ತಂತ! ನಮ್ಮ ಹೊಳಿಗೆ ಕುರಿ ಅಂದ್ರ ಭಾಳ ಪ್ರೀತಿ ನೋಡ್ರಿ. ಕಿವಿನೂ ಬಿಡಂಗಿಲ್ಲ!’

ಕಾಮಣ್ಣನೂ ನಕ್ಕಿದ್ದ. ನಕ್ಕು ಮರೆತೆ ಎಂದುಕೊಂಡಿದ್ದ.

ಸೋಮವ್ವ ಹೋಗಿ ಮೂರು ವರ್ಷಕ್ಕೆ, ಮಿರಗ ಕೂಡಿ ನಾಲ್ಕನೆಯ ದಿನ, ಅವನು ಹಿಂಡಿನೊಡನೆ ಹೊಳೆಯ ಆಚೆ ದಂಡೆಗೆ ಬಂದ. ಮಧ್ಯಾಹ್ನ. ತಲೆಯ ಮೇಲೆ ಒಂದು ಮೋಡವಿಲ್ಲ. ದಾಟುವ ಜಾಗದಲ್ಲಿ ನೀರು ಮೊಣಕಾಲಮಟ್ಟ. ಹರಿಗೋಲಿನ ಹೊಳೆಪ್ಪ ದಡದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದವ ಎದ್ದು ಕೂಗಿದ.

‘ಕಾಮಣ್ಣಾ, ಇವತ್ತ ಬ್ಯಾಡೋ! ನೀರಿನ ಬಣ್ಣ ನೋಡು, ಕೆಂಪಗಾಗೈತಿ. ಘಟ್ಟದಾಗ ಮಳಿ ಹಿಡದೈತಿ. ನಾಳೆ ಮುಂಜಾನಿ ಹರಗೋಲಿನ್ಯಾಗ ಹತ್ತ-ಹತ್ತ ಮಾಡಿ ದಾಟಸೋಣು.’

‘ಮೊಣಕಾಲ ನೀರಿಗೆ ಹರಗೋಲು? ಹುಚ್ಚ ಹಿಡದೈತೇನ ನಿನಗ?’

ನಾಳೆ! ಎಂಟು ತಿಂಗಳು ಕಾದವನಿಗೆ ಒಂದು ನಾಳೆ ಹೆಚ್ಚಾಗಿತ್ತು. ಸಂಜೆಯ ಹೊತ್ತಿಗೆ ಆ ಕಟ್ಟೆಯ ಮೇಲೆ ಕೂತು, ಬಸಗೊಂಡಪ್ಪನ ಹೆಂಡತಿ ಶಿವಗಂಗವ್ವ ಬಡಿದ ಬಿಸಿ ರೊಟ್ಟಿ ಮುರಿಯುವುದನ್ನು ಅವನು ಎರಡು ಹರದಾರಿ ದೂರದಿಂದಲೇ ಕಾಣುತ್ತಿದ್ದ. ಮುಂದಾಳು ಟಗರನ್ನು ನೀರಿಗಿಳಿಸಿದ. ಕುರಿಯ ಜಾತಿ ಗೊತ್ತಲ್ಲ, ಒಂದು ಇಳಿದರೆ ಎಲ್ಲ ಇಳಿದವು.

ಮುಕ್ಕಾಲು ಹಿಂಡು ಈಚೆ ದಡ ಹತ್ತಿತ್ತು. ಆಗ ಮೇಲಿನಿಂದ ಬಂಡಿ ಉರುಳಿದಂಥ ಸದ್ದು ಬಂತು. ನೋಡನೋಡುತ್ತ ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಹಿಂದಿದ್ದ ಕುರಿಗಳು ಕಾಲು ಕಿತ್ತು ತೇಲಿದವು. ಕಾಮಣ್ಣ ಒಂದರ ಉಣ್ಣೆ ಹಿಡಿದ, ಅದು ಮುಷ್ಟಿಯಲ್ಲಿ ಒಂದಿಷ್ಟು ಕೂದಲು ಬಿಟ್ಟು ಹೋಯಿತು. ಹೊಳೆಪ್ಪ ಹಗ್ಗ ಎಸೆದು ಎಳೆಯದಿದ್ದರೆ ಅವನೂ ಹೋಗುತ್ತಿದ್ದ. ಹರಿಗೋಲು ಹಾಕಿ ಕೆಳಗಿನ ತಿರುವಿನವರೆಗೆ ಹುಡುಕಿದರು. ಒಂದು ಬಾಲವೂ ಸಿಗಲಿಲ್ಲ.

ಈಚೆ ದಡದಲ್ಲಿ ಕಾಮಣ್ಣ ಒಂದೊಂದೇ ಕುರಿಯ ಕಿವಿ ಹಿಡಿದು ನೋಡಿದ. ಹನ್ನೊಂದು ಹೋಗಿದ್ದವು. ನಾಲ್ಕು ತನ್ನವು, ಏಳು ಎಡಗಿವಿಗೆ ಎರಡು ಕಚ್ಚಿನವು. ಹೊಳೆಪ್ಪ ಏನೋ ಸಮಾಧಾನ ಹೇಳುತ್ತಿದ್ದ, ಅದು ಇವನ ತಲೆಗೆ ಹೋಗಲಿಲ್ಲ. ಹಿಂಡು ಹೊಡೆದುಕೊಂಡು ಹೊರಟುಬಿಟ್ಟ.

ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಮಾತು ಹೇಳಿ ನೋಡಿಕೊಂಡ: ‘ಲೇ ಬಸಗೊಂಡಾ, ಹೊಳಿ ಒಯ್ತಲೇ.’ ಅವನ ಕಿವಿಗೇ ಅದು ಕಳ್ಳನ ಮಾತಿನಂತೆ ಕೇಳಿಸಿತು. ಅದರ ಹಿಂದೆಯೇ ಆ ವರ್ಷದ ನಗೆ ಕೇಳಿಸಿತು. ‘ಕಿವಿನೂ ಬಿಡಂಗಿಲ್ಲ!’ ಅವನು ಹಾಗೆ ನಕ್ಕರೆ? ನಗದಿದ್ದರೂ ಒಳಗೊಳಗೆ ಹಾಗೆಂದುಕೊಂಡರೆ? ಹೊಳೆಪ್ಪನನ್ನು ಸಾಕ್ಷಿಗೆ ಕರೆಯೋಣವೆಂದರೆ, ‘ಬ್ಯಾಡ ಅಂದಿದ್ನಿ, ಕೇಳಲಿಲ್ಲ’ ಎಂಬುದೂ ಅದರ ಜೊತೆಗೇ ಬರುತ್ತದೆ. ಅದೂ ಅಲ್ಲದೆ, ಬಸಗೊಂಡಪ್ಪನ ಮುಂದೆ ಕಾಮಣ್ಣ ಸಾಕ್ಷಿ ಹಿಡಿದುಕೊಂಡು ನಿಲ್ಲುವುದೆಂದರೇನು?

ಊರು ಒಂದು ಹರದಾರಿ ಇರುವಾಗ ಜಾಲಿಗಿಡಗಳ ಹಳ್ಳದಲ್ಲಿ ಹಿಂಡು ನಿಲ್ಲಿಸಿದ. ಅಲ್ಲಿ ಅವನು ಮಾಡಿದ ಕೆಲಸ ನೋಡಿ. ತನ್ನ ಸ್ವಂತದ ಏಳು ಕುರಿ ಆರಿಸಿದ. ಅವನ ಗುರುತು ಬಲಗಿವಿಯಲ್ಲಿತ್ತು, ಎಡಗಿವಿಗಳು ಬರಿದಾಗಿದ್ದವು. ಒಂದೊಂದನ್ನೇ ಮೊಣಕಾಲ ನಡುವೆ ಹಿಡಿದು ಎಡಗಿವಿ ಬುಡಕ್ಕೆ ಕೊಯ್ದ. ಕುರಿಗಳು ಚೀರಿದವು. ಗಾಯಕ್ಕೆ ಸೊಂಟದ ಭಂಡಾರವನ್ನೇ ಮೆತ್ತಿದ. ‘ತಪ್ಪಾತೋ ಬೀರಪ್ಪಾ,’ ಎಂದ. ಎಂದವನು ನಿಲ್ಲಿಸಬೇಕೋ ಬೇಡವೋ? ನಿಲ್ಲಿಸಲಿಲ್ಲ. ಏಳೂ ಕಿವಿಯ ಅಂಚಿಗೆ ಎರಡೆರಡು ಕಚ್ಚು ಹಾಕಿ, ಬೂದಿ ಹಚ್ಚಿ, ಕಾದ ಬಂಡೆಯ ಮೇಲೆ ಎರಡು ದಿನ ಒಣಗಿಸಿದ.

ಮರಿಯಿದ್ದಾಗ ಹಾಕಿದ ಕಚ್ಚು ಮಾಯ್ದು ಅಂಚು ದುಂಡಗಾಗಿ ಅದರ ಮೇಲೆ ಕೂದಲು ಬಂದಿರುತ್ತದೆ. ನಿನ್ನೆ ಹಾಕಿದ್ದು ಹಸಿಹಸಿಯಾಗಿ ಕಾಣುತ್ತದೆ. ಇದು ಕುರುಬರ ಕೂಸಿಗೂ ಗೊತ್ತು. ಕಾಮಣ್ಣನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಸಗೊಂಡಪ್ಪ ಯಾವತ್ತು ಕಿವಿ ನೋಡಿದ್ದ? ಅವನು ನಂಬುತ್ತಾನೆ, ನೋಡುವುದಿಲ್ಲ, ಅದೇ ಧೈರ್ಯ. ಖರೆ ಹೇಳಲು ಗೆಳೆಯನ ನಂಬಿಗೆ ಸಾಲದು ಎಂದುಕೊಂಡವ, ಸುಳ್ಳು ಹೇಳಲು ಅದೇ ನಂಬಿಗೆ ಸಾಕು ಎಂದುಕೊಂಡ. ಇಂಥ ಮುಠ್ಠಾಳನಿಗೆ ಏನನ್ನಬೇಕು? ಬೈಯಲು ಹೋದರೆ ನನಗೇ ಕರುಳು ಚುರ್ರೆನ್ನುತ್ತದೆ.

ಮೂರನೆಯ ದಿನ ಮುಂಜಾನೆ ಹಿಂಡನ್ನು ಊರ ಹೊರಗೆ ನಾಯಿಯ ಕಾವಲಿಗೆ ಬಿಟ್ಟು ಅವನು ಆ ಅಂಗಳಕ್ಕೆ ಬಂದ. ಬಸಗೊಂಡಪ್ಪ ಕಟ್ಟೆಯ ತುದಿಗೆ, ದಾರಿಗೆ ಮುಖ ಮಾಡಿ ಕೂತಿದ್ದ. ಇವನನ್ನು ಕಂಡವನೇ ಎದ್ದು ಎರಡು ಹೆಜ್ಜೆ ಮುಂದೆ ಬಂದ. ಏನೋ ಹೇಳಲು ಬಾಯಿ ತೆರೆದ. ಆದರೆ ಕಾಮಣ್ಣ ಅವನ ಮುಖವನ್ನೇ ನೋಡಲಿಲ್ಲ. ಮಾತು ಮರೆತುಹೋದೀತೆಂಬ ಅವಸರದಲ್ಲಿ ಕಂಬಳಿ ಹಾಸಿ ಏಳು ಕಿವಿ ಸುರಿದ.

‘ಈ ವರ್ಷ ಜಡ್ಡ ಭಾಳ ಬಂತಲೇ. ಏಳು ಹ್ವಾದುವು ನಿನ್ನವು. ಬಾಯಾಗ ನೊರಿ ಬಂದು ಸತ್ತುವು.’

‘ಒಗಿ ತಿಪ್ಪಿಗೆ’ ಎಂಬ ಮಾತಿಗಾಗಿ ಕಾಮಣ್ಣ ಕಾದ. ಅದು ಬರಲಿಲ್ಲ. ತಲೆಯೆತ್ತಿದರೆ ಬಸಗೊಂಡಪ್ಪ ಕಂಬಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಕಿವಿ ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಅದರ ಕಚ್ಚು ಸವರಿದ. ಕೆಳಗಿಟ್ಟು ಇನ್ನೊಂದು ಎತ್ತಿಕೊಂಡ. ಹೀಗೆ ಏಳನ್ನೂ ನೋಡಿದ.

‘ಮೊನ್ನೆ ಹೊಳೆಪ್ಪ ಬಂದಿದ್ದ,’ ಎಂದ.

ಹೊಳೆಪ್ಪ ಹೊಳೆ ಬಿಟ್ಟು ಊರಿಗೆ ಬಂದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆವತ್ತು ಬಂದಿದ್ದ. ಕಾಮಣ್ಣ ಹುಚ್ಚನ ಹಾಗೆ ಹೊರಟದ್ದು ನೋಡಿ, ಮನುಷ್ಯ ಊರು ಮುಟ್ಟಿದನೋ ಇಲ್ಲವೋ ಎಂದು ವಿಚಾರಿಸಲು ಬಂದಿದ್ದ. ನಡೆದದ್ದೆಲ್ಲ ಹೇಳಿ ಹೋಗಿದ್ದ.

ಬಸಗೊಂಡಪ್ಪ ದನಿಯೆತ್ತಲಿಲ್ಲ. ‘ಹೊಳಿ ಕುರಿ ಒಯ್ದು ಕಿವಿ ತಿರುಗಿ ಕೊಟ್ಟು ಕಳಸ್ತೇನಲೇ, ಕಾಮಣ್ಣಾ?’

ಶಿವಗಂಗವ್ವ ತಂಬಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. ‘ಎರಡ ದಿನದಿಂದ ಬಾಯಾಗ ನೀರ ಹಾಕಿಲ್ಲೋ ಯಪ್ಪಾ, ನಿನ್ನ ದಾರಿ ನೋಡಕೋತ ಕುಂತಾರ. ಕುರಿ ಎಷ್ಟ ಹ್ವಾದುವು ಅಂತ ಒಂದ ಮಾತ ಕೇಳಲಿಲ್ಲ. ಕಾಮಣ್ಣ ಉಳದಾನೋ ಇಲ್ಲೋ ಅಂತ ಅದೊಂದ ಕೇಳಿದ್ರು!’

ಭೂಮಿ ಬಾಯಿ ಬಿಡಬಾರದೇ ಎನಿಸಿತು ಕಾಮಣ್ಣನಿಗೆ. ಬಸಗೊಂಡಪ್ಪ ಕಿವಿಗಳನ್ನು ಒಂದೊಂದಾಗಿ ಕಂಬಳಿಯ ನಡುವೆ ಕೂಡಿಟ್ಟ. ನಾಲ್ಕೂ ಮೂಲೆ ಮಡಚಿ ಅವನ ಕೈಗೆ ಕೊಟ್ಟ.

‘ಇವು ನನ್ನ ಕುರಿವಲ್ಲ,’ ಎಂದು ಒಳಗೆ ಹೋದ. ಶಿವಗಂಗವ್ವ ನೀರಿನ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆಯೇ ಹೋದಳು.

ಮರುದಿನ ಅಮಸಿದ್ದಪ್ಪ ಎಂಬ ಬೇರೊಬ್ಬ ಕುರುಬ ಬಂದು ಎರಡು ಕಚ್ಚಿನ ಮೂವತ್ತಮೂರು ಕುರಿಗಳನ್ನು ಬೇರೆ ಮಾಡಿಕೊಂಡು ಹೋದ. ಪಂಚರನ್ನು ಕರೆಸಿ ಉಗುಳಿದ್ದರೆ, ಬೀದಿಯಲ್ಲಿ ನಿಲ್ಲಿಸಿ ಹೊಡೆದಿದ್ದರೆ ಕಾಮಣ್ಣ ಕಾಲು ಹಿಡಿದು ಅಳುತ್ತಿದ್ದ. ಅದಕ್ಕೆ ಎಡೆಯೇ ಸಿಗಲಿಲ್ಲ. ಬಸಗೊಂಡಪ್ಪ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಗೆಳೆಯರು ಏತಕ್ಕೋ ಮುನಿಸಿಕೊಂಡಿದ್ದಾರೆ ಎಂದು ಊರು ನಾಲ್ಕು ದಿನ ಆಡಿಕೊಂಡು ಸುಮ್ಮನಾಯಿತು. ಮುಂದಿನ ದೀಪಾವಳಿಗೆ ಜನ ಎಂದಿನಂತೆ ತಮ್ಮ ಕುರಿ ತಂದು ಕಾಮಣ್ಣನಿಗೇ ಒಪ್ಪಿಸಿದರು. ‘ಒಯ್ಯೋ, ನಿನ್ನಂಥಾ ಖರೆ ಮನಶಾ ಎಲ್ಲಿ ಸಿಗತಾನ?’ ಎಂದರು. ಅವನು ತಲೆ ತಗ್ಗಿಸಿ ಹಗ್ಗ ತೆಗೆದುಕೊಂಡ. ಅವನ ಹೆಸರು ಉಳಿಸಿದವನು ಅದೇ ಬಸಗೊಂಡಪ್ಪ. ಇದನ್ನು ಹೇಳಿಕೊಂಡು ಅಳಲು ಕಾಮಣ್ಣನಿಗಿದ್ದದ್ದೂ ಅವನೊಬ್ಬನೇ.

ಆ ಏಳು ಕುರಿಗಳು ಹಿಂಡಿನಲ್ಲೇ ಉಳಿದವು. ಮಾರೋಣವೆಂದರೆ ಸಂತೆಯಲ್ಲಿ ಕೊಳ್ಳುವವರಿಲ್ಲ. ಗುರುತು ಅಳಿಸಲು ಕಿವಿ ಕೊಯ್ಯುವುದು ಕಳ್ಳರ ಕೆಲಸ. ‘ಯಾರದೋ ಇದು? ಎಡಗಿವಿ ಎಲ್ಲೈತಿ?’ ಎಂದು ಬನಹಟ್ಟಿ ಸಂತೆಯಲ್ಲಿ ಒಬ್ಬ ಕೇಳಿದಾಗ ಕಾಮಣ್ಣ ಕುರಿ ಹೊಡೆದುಕೊಂಡು ತಿರುಗಿ ಬಂದ. ಮತ್ತೆ ಅವನ್ನು ಸಂತೆಗೆ ಒಯ್ಯಲಿಲ್ಲ. ಎಂಟು ತಿಂಗಳ ದಾರಿಯಲ್ಲಿ ಎತ್ತ ತಿರುಗಿದರೂ ಒಂದೇ ಕಿವಿಯ ಮುಖವೊಂದು ಮೆಲುಕು ಹಾಕುತ್ತ ಅವನನ್ನು ನೋಡುತ್ತಿತ್ತು. ಅವನು ಕುರಿಗಳ ಜೊತೆ ಮಾತಾಡುವುದನ್ನು ಬಿಟ್ಟ. ಊರಿಗೆ ಬಂದ ತಿಂಗಳುಗಳಲ್ಲಿ ಆ ಕಟ್ಟೆಯ ದಾರಿ ತಪ್ಪಿಸಿ, ಕೆರೆಯ ಹಿಂದಿನಿಂದ ಸುತ್ತು ಹಾಕಿ ಹೋಗುತ್ತಿದ್ದ. ಗುಡಿಸಲಲ್ಲಿ ಒಬ್ಬನೇ ರೊಟ್ಟಿ ಬಡಿದು, ಒಬ್ಬನೇ ತಿಂದು, ಸೋಮವ್ವ ಮಲಗುತ್ತಿದ್ದ ಜಾಗದ ಕಡೆ ಮುಖ ಮಾಡಿ ಮಲಗುತ್ತಿದ್ದ. ಬದುಕಿದ್ದ ಗೆಳೆಯನನ್ನು ಕಳೆದುಕೊಂಡ ದುಃಖಕ್ಕೆ ದೀಪ ಹಚ್ಚುವ ಕಟ್ಟಳೆಯೂ ಇಲ್ಲ.

ವರ್ಷಕ್ಕೆ ಒಂದೋ ಎರಡೋ ಆಗಿ ಆ ಕುರಿಗಳು ಮುದಿಯಾಗಿ ಸತ್ತವು. ಐದನೆಯ ವರ್ಷ, ದೀಪಾವಳಿಯ ಹೊತ್ತಿಗೆ, ಊರ ತುಂಬ ಒಂದೇ ಮಾತಿತ್ತು. ಇನ್ನು ನಾವು ಮುಂಬಯಿಯವರಲ್ಲ, ಮೈಸೂರಿನವರು ಎಂದು. ಆ ಗದ್ದಲದ ನಡುವೆ ಒಂದು ಮುಂಜಾನೆ ಏಳನೆಯ ಕುರಿ ಹಟ್ಟಿಯಲ್ಲಿ ಕಾಲು ಚಾಚಿ ಬಿದ್ದಿತ್ತು. ಸ್ವಂತದ ಕುರಿ, ಯಾರಿಗೂ ಏನನ್ನೂ ತೋರಿಸಬೇಕಿರಲಿಲ್ಲ. ಆದರೂ ನಲವತ್ತು ವರ್ಷದ ರೂಢಿ, ಕೈ ತಾನೇ ಚಾಕು ತೆಗೆದು ಎಡಗಿವಿಗೆ ಹೋಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಕಾಮಣ್ಣ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡಸು ಅಳಬಾರದ ಹಾಗೆ ಅತ್ತ. ಮಣ್ಣು ಮಾಡಿ, ಕೈ ತೊಳೆದು, ಕೆರೆಯ ಸುತ್ತುದಾರಿ ಬಿಟ್ಟು ನೆಟ್ಟಗೆ ಆ ಕಟ್ಟೆಗೆ ನಡೆದ.

ಬಸಗೊಂಡಪ್ಪನ ಮೀಸೆ ಪೂರಾ ಬೆಳ್ಳಗಾಗಿತ್ತು. ನೋಡಿದ, ಎದ್ದು ಹೋಗಲಿಲ್ಲ.

‘ಆ ಏಳರಾಗಿನ ಕಡೀದು ಇವತ್ತ ಸತ್ತಿತು,’ ಎಂದ ಕಾಮಣ್ಣ, ಅಂಗಳದಲ್ಲೇ ನಿಂತು.

‘ಅವು ಇನ್ನಾ ಇದ್ದುವೇನು?’

‘ಕಿವಿ ಇಲ್ಲದ್ದನ್ನ ಯಾರ ತಗೋತಾರ? ಸಾಕಿದೆ.’

ಬಸಗೊಂಡಪ್ಪ ದಾರಿಯ ಕಡೆ ಮುಖ ತಿರುಗಿಸಿದ. ‘ಹೊಳಿ ಒಯ್ತು ಅಂದಿದ್ರ ಸಾಕಾಗಿತ್ತಲ್ಲೋ,’ ಎಂದ.

‘ನೀ ನಗತಿ ಅಂದ್ಕೊಂಡೆ. ಹಿಂದಕ್ಕ ನಕ್ಕಿದ್ದಿಯಲ್ಲ, ಆ ನೆರೆಯೂರವಂದು ಕೇಳಿ.’

‘ನಾ ನಕ್ಕದ್ದು ಅವನ ಮ್ಯಾಲ.’ ಅವನ ದನಿ ಒಡೆಯಿತು. ‘ನಿನ್ನ ಮ್ಯಾಲ ಯಾವಾಗ ನಕ್ಕಿದ್ದೆ?’

ಶಿವಗಂಗವ್ವ ಏನೂ ಕೇಳದೆ ಎರಡು ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ, ಒಂದು ಹಿಡಿ ಶೇಂಗಾ ಚಟ್ನಿ. ಇಬ್ಬರೂ ಉಂಡರು. ಮಳೆ, ಬೆಳೆ, ಮೈಸೂರು ಎಂದು ನಾಲ್ಕು ಮಾತಾಡಿದರು. ಕಾಮಣ್ಣನ ಹತ್ತಿರ ಐದು ವರ್ಷದ ಮಾತು ಕೂಡಿತ್ತು. ಹೇಳಲೋ ಬೇಡವೋ ತಿಳಿಯದೆ ರೊಟ್ಟಿ ಮುರಿಯುತ್ತ ಕೂತ.

ಕೈ ತೊಳೆಯುವಾಗ ಬಸಗೊಂಡಪ್ಪ ಹೇಳಿದ. ‘ಅಮಸಿದ್ದಪ್ಪಗ ಮೊಣಕಾಲ ಹಿಡದಾವ. ಈ ವರ್ಷ ಹೊರಗ ಹೋಗಂಗಿಲ್ಲಂತ. ನನ್ನ ಕುರಿ ಒಯ್ತಿಯೇನು?’

ಕಾಮಣ್ಣ ಒದ್ದೆ ಕೈಯನ್ನು ರುಮಾಲಿಗೆ ಒರೆಸಿಕೊಳ್ಳುವುದನ್ನೂ ಮರೆತ. ‘ಒಯ್ತೇನ್ಲೇ!’ ಎಂದ. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದ ಆ ‘ಲೇ’ ಅವನಿಗೇ ಹೊಸದಾಗಿ ಕೇಳಿಸಿತು. ಅಂಗಳ ದಾಟಿ ಬೀದಿಗೆ ಇಳಿಯುತ್ತಿದ್ದಾಗ ಹಿಂದಿನಿಂದ ಕರೆ ಬಂತು.

‘ಕಾಮಣ್ಣಾ.’

ತಿರುಗಿದ. ಬಸಗೊಂಡಪ್ಪ ಕಂಬ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೇಳಲು ಅವನಿಗೂ ಕಷ್ಟವಾಗುತ್ತಿತ್ತು.

‘ಯಾವದರ ಸತ್ರ ಕಿವಿ ತಗೊಂಡು ಬಾ. ನೋಡತೇನಿ.’

ಕಾಮಣ್ಣ ತಲೆಯ ರುಮಾಲು ಸರಿ ಮಾಡಿಕೊಂಡು, ‘ತರತೇನ್ರಿ,’ ಎಂದ.

ಬಸಗೊಂಡಪ್ಪ ಬೈಯಲಿಲ್ಲ.